ಕಿಡಿಯಿಲ್ಲದೆ ಹೊತ್ತುವ ಬೆಂಕಿ

ಸ್ವತಃ ವಿಮಾನ ಕಟ್ಟಿಕೊಂಡವರ ಆಮ್ಲಜನಕ ವ್ಯವಸ್ಥೆಯನ್ನು ಪರೀಕ್ಷಿಸುವಾಗ ನನ್ನ ಕಣ್ಣು ಮೊದಲು ಹೋಗುವುದು ಸಿಲಿಂಡರಿಗೆ ರೆಗ್ಯುಲೇಟರ್, ಅಂದರೆ ಅನಿಲದ ಒತ್ತಡವನ್ನು ತಗ್ಗಿಸುವ ಸಾಧನ, ಕೂಡುವ ತಿರುಪಿನ ಕಡೆಗೆ. ಅಲ್ಲಿ ಗ್ರೀಸಿನ ಹೊಳಪು ಕಂಡರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸುತ್ತೇನೆ. ಆಗ ಎದುರಾಗುವ ಪ್ರಶ್ನೆ ಬಹುಮಟ್ಟಿಗೆ ಒಂದೇ: "ಹತ್ತಿರದಲ್ಲಿ ಬೆಂಕಿಯಿಲ್ಲ, ವಿದ್ಯುತ್ ತಂತಿಯಿಲ್ಲ, ಹೊತ್ತಿಸುವುದಾದರೂ ಯಾವುದು?"

ಹೊತ್ತಿಸುವುದು ವಾಲ್ವ್ ತಿರುಗಿಸುವ ನಿಮ್ಮ ಕೈ. ಇದನ್ನು ಎಷ್ಟು ಸಲ ಹೇಳಿದರೂ ನಂಬುವವರು ಕಡಿಮೆಯಾದ್ದರಿಂದ ವಿವರವಾಗಿಯೇ ಬರೆಯುತ್ತೇನೆ. ಸೈಕಲ್ ಪಂಪನ್ನು ರಭಸದಿಂದ ಒತ್ತಿದಾಗ ಅದರ ತುದಿ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ತುಂಬಿದ ಸಿಲಿಂಡರಿನೊಳಗೆ ಸಾಮಾನ್ಯವಾಗಿ 1,800 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂಬ ಅಳತೆ) ಆಸುಪಾಸಿನ ಒತ್ತಡವಿರುತ್ತದೆ. ವಾಲ್ವಿನಾಚೆಯ ಕಿರುಜಾಗದಲ್ಲಿ 15ಕ್ಕಿಂತ ತುಸು ಕಡಿಮೆ. ವಾಲ್ವನ್ನು ಒಮ್ಮೆಲೇ ತೆರೆದರೆ ಆ ಕಿರುಜಾಗದಲ್ಲಿ ಮೊದಲೇ ನಿಂತಿದ್ದ ಅನಿಲವು ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಪಟ್ಟಿಗೂ ಮಿಗಿಲಾದ ಒತ್ತಡಕ್ಕೆ ಸಿಕ್ಕಿ, ಶಾಖ ಹೊರಹೋಗಲು ಸಮಯವೇ ಸಾಲದೆ, ಲೆಕ್ಕದ ಪ್ರಕಾರ 800 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಸುತ್ತಲಿನ ಲೋಹ ಒಂದಷ್ಟು ಶಾಖವನ್ನು ಹೀರಿಕೊಳ್ಳುವುದರಿಂದ ನಿಜದಲ್ಲಿ ಅಷ್ಟು ಏರಲಿಕ್ಕಿಲ್ಲ. ಆದರೆ ಒತ್ತಡದ ಆಮ್ಲಜನಕದಲ್ಲಿ ಗ್ರೀಸು ಹೊತ್ತಿಕೊಳ್ಳಲು ಅದರ ಅರ್ಧದಷ್ಟೂ ಬೇಕಾಗಿಲ್ಲ. ಗ್ರೀಸಿನಿಂದ ಸೀಲಿಗೆ, ಸೀಲಿನಿಂದ ಲೋಹಕ್ಕೆ ಉರಿ ದಾಟುತ್ತದೆ. ಲೋಹ ಅಲ್ಯೂಮಿನಿಯಂ ಆಗಿದ್ದರೆ ಅದೂ ಸೌದೆಯಂತೆ ಉರಿಯುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1999ರಲ್ಲಿ ಅಲ್ಯೂಮಿನಿಯಂ ರೆಗ್ಯುಲೇಟರುಗಳ ಬಗ್ಗೆ ಎಚ್ಚರಿಕೆ ಹೊರಡಿಸಿದ್ದೂ ಇಂಥ ಬೆಂಕಿಗಳ ಕಾರಣಕ್ಕೇ. ಅಧಿಕ ಒತ್ತಡದ ಭಾಗಕ್ಕೆ ಹಿತ್ತಾಳೆಯನ್ನೇ ನಾನು ಸೂಚಿಸುತ್ತೇನೆ.

ಹಿರಿಯರೊಬ್ಬರು ಆರು ವರ್ಷ ಕೂತು ಕಟ್ಟಿದ ವಿಮಾನವನ್ನು ಒಮ್ಮೆ ನೋಡಿದ್ದೆ. ಒಂದೊಂದು ರಿವೆಟ್ಟೂ ಮುತ್ತು ಪೋಣಿಸಿದಂತಿತ್ತು. ಎಂಥ ತಿರುಪನ್ನೂ ಜಿಡ್ಡು ಸವರದೆ ಬಿಗಿಯಬಾರದೆಂಬ ಶಿಸ್ತಿನಲ್ಲಿ ಬೆಳೆದ ಆ ಕೈ, ಆಮ್ಲಜನಕದ ತಿರುಪಿಗೂ ಪ್ರೀತಿಯಿಂದಲೇ ಗ್ರೀಸು ಸವರಿತ್ತು. ನಾನು ತೋರಿಸಿದಾಗ ಅವರು ಬಟ್ಟೆಯಿಂದ ಒರೆಸಿ "ಈಗ ಸರಿಯೇ?" ಎಂದರು. ಒರೆಸಿದರೆ ಜಿಡ್ಡು ತೆಳುವಾಗಿ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಅದು ರೆಗ್ಯುಲೇಟರಿನ ಒಳಕ್ಕೆ ಎಷ್ಟು ಸೇರಿದೆಯೆಂದು ಹೊರಗಿನಿಂದ ಹೇಳಲು ಯಾರಿಂದಲೂ ಆಗದು. ರೆಗ್ಯುಲೇಟರನ್ನು ಬಿಚ್ಚಿಸಿ, ಆಮ್ಲಜನಕದ ಉಪಕರಣಗಳನ್ನೇ ಶುಚಿಗೊಳಿಸುವ ಕಾರ್ಯಾಗಾರಕ್ಕೆ ಕಳಿಸಿದೆವು. ಸೀಲುಗಳೆಲ್ಲ ಹೊಸವಾದವು. ಸವರಲೇಬೇಕಾದ ಜಾಗವಿದ್ದರೆ ತಯಾರಕರು ಹೆಸರಿಸಿದ, ಆಮ್ಲಜನಕಕ್ಕೆಂದೇ ಇರುವ ಲೇಪವನ್ನು ಮಾತ್ರ ಬಳಸಬೇಕು. ಮಾಸ್ಕ್ ತೊಡುವಾಗ ತುಟಿಗೆ ಹಚ್ಚುವ ಪೆಟ್ರೋಲಿಯಂ ಜೆಲ್ಲಿಗೂ ಇದೇ ನಿಷೇಧ.

ಮರುಪರೀಕ್ಷೆಯ ದಿನ ಅವರು ಕೈ ತೊಳೆದು ಬಂದು, ವಾಲ್ವನ್ನು ಕೂದಲೆಳೆಯಷ್ಟೇ ತಿರುಗಿಸಿ, ಗೇಜಿನ ಮುಳ್ಳು ಮೆಲ್ಲಗೆ ಏರಿ ನಿಲ್ಲುವವರೆಗೂ ಕಾದು, ಆಮೇಲೆ ಪೂರ್ತಿ ತೆರೆದರು.