ಪದ ಪರಿಚಯ: ಸುಳ್ಳು ಪತ್ತೆ ಯಂತ್ರ

ಶೀರ್ಷಿಕೆಯಲ್ಲಿ ‘ಆರೋಪಿಗೆ ಮಂಪರು ಪರೀಕ್ಷೆ’ ಎಂದಿರುತ್ತದೆ, ಒಳಗಿನ ಸುದ್ದಿಯಲ್ಲಿ ಅದೇ ಆರೋಪಿಯನ್ನು ಸುಳ್ಳು ಪತ್ತೆ ಯಂತ್ರದ ಮುಂದೆ ಕೂರಿಸಿರುತ್ತಾರೆ. ಮಂಪರು ಪರೀಕ್ಷೆಯಲ್ಲಿ ಸೋಡಿಯಂ ಪೆಂಟೊಥಾಲ್‌ನಂಥ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಅರೆಪ್ರಜ್ಞೆಯಲ್ಲಿರುವವರನ್ನು ಮಾತಾಡಿಸುತ್ತಾರೆ. ಇನ್ನೊಂದರಲ್ಲಿ ಸೂಜಿಯೂ ಇಲ್ಲ, ಮಂಪರೂ ಇಲ್ಲ. ಈ ಗೊಂದಲವನ್ನಾದರೂ ಸಹಿಸಬಹುದು, ನನ್ನ ತಕರಾರಿರುವುದು ‘ಸುಳ್ಳು ಪತ್ತೆ’ ಎಂಬ ಹೆಸರಿನ ಮೇಲೆಯೇ.

ಯಂತ್ರದ ನಿಜವಾದ ಹೆಸರು ಪಾಲಿಗ್ರಾಫ್. ಗ್ರೀಕ್ ಮೂಲದ ಈ ಪದದಲ್ಲಿ ‘ಪಾಲಿ’ ಎಂದರೆ ಹಲವು, ‘ಗ್ರಾಫ್’ ಎಂದರೆ ಬರವಣಿಗೆ. 19ನೆಯ ಶತಮಾನದ ಆರಂಭದಲ್ಲಿ, ಎರಡು ಲೇಖನಿಗಳನ್ನು ಜೋಡಿಸಿ, ಪತ್ರ ಬರೆಯುತ್ತಿದ್ದಂತೆಯೇ ಅದರ ನಕಲನ್ನೂ ಇಳಿಸುವ ಸಾಧನವನ್ನು ಹೀಗೆ ಕರೆಯುತ್ತಿದ್ದರು. ಅಮೆರಿಕದ ಅಧ್ಯಕ್ಷ ಥಾಮಸ್ ಜೆಫರ್ಸನ್ ಅದನ್ನು ಮೆಚ್ಚಿ ಬಳಸಿದ್ದರು. ಮುಂದೆ, ನಾಡಿಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಎಳೆಯುವ ವೈದ್ಯಕೀಯ ಉಪಕರಣಕ್ಕೆ ಅದೇ ಹೆಸರು ಅಂಟಿತು. 1921ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಪೊಲೀಸ್ ಅಧಿಕಾರಿ ಜಾನ್ ಲಾರ್ಸನ್ ರಕ್ತದೊತ್ತಡ, ಉಸಿರಾಟಗಳನ್ನು ಒಟ್ಟಿಗೆ ದಾಖಲಿಸುವ ಯಂತ್ರವನ್ನು ವಿಚಾರಣೆಗೆ ತಂದರು; ಅಂಗೈ ಬೆವರಿನ ಲೆಕ್ಕ ಆಮೇಲೆ ಸೇರಿತು. ಇಷ್ಟು ದೂರ ನಡೆದು ಬಂದ ಪದದೊಳಗೆ ಎಲ್ಲಿಯೂ ಸುಳ್ಳಿಲ್ಲ. ನಾವು ಕನ್ನಡಿಸಿಕೊಂಡದ್ದು ‘ಲೈ ಡಿಟೆಕ್ಟರ್’ ಎಂಬ ಅದರ ಅಡ್ಡಹೆಸರನ್ನು.

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯೇ ಈ ಯಂತ್ರದ ಪೂರ್ಣ ಸಿದ್ಧಾಂತ. ಶಿಕ್ಷೆಗೆ ಹೆದರಿಯೋ, ಮಾನ ಉಳಿಸಿಕೊಳ್ಳಲೋ, ಮನೆಯವರನ್ನು ಕಾಪಾಡಲೋ ಸುಳ್ಳಾಡಿದವನು ನಿಜವನ್ನು ಅದುಮಿಡಬೇಕು, ಕಟ್ಟಿದ ಕಥೆಯನ್ನು ನೆನಪಿಡಬೇಕು, ಸಿಕ್ಕಿಬೀಳುವ ಭಯವನ್ನೂ ಹೊರಬೇಕು. ಆ ದಣಿವು ಮೈಯಲ್ಲಿ ಕಾಣುತ್ತದೆ. ಆದರೆ ಯಂತ್ರ ದಾಖಲಿಸುವುದು ಹೆಗಲು ಮುಟ್ಟಿದ್ದನ್ನು ಮಾತ್ರ, ಕುಂಬಳಕಾಯಿಯನ್ನಲ್ಲ. ‘ಹಣ ತೆಗೆದವರು ನೀವೇ?’ ಎಂದು ಕೇಳಿದರೆ, ಕೆಲಸ ಹೋಗುವ ಅಂಜಿಕೆಯಲ್ಲಿರುವ ನಿರಪರಾಧಿ ಗುಮಾಸ್ತನ ಎದೆಯೂ ಹೊಡೆದುಕೊಳ್ಳುತ್ತದೆ. ಇದನ್ನು ಸರಿದೂಗಿಸಲು ಪರೀಕ್ಷಕರು ‘ಜೀವನದಲ್ಲಿ ಯಾರಿಗಾದರೂ ಮೋಸ ಮಾಡಿದ್ದೀರಾ?’ ಎಂದೂ ಕೇಳುತ್ತಾರೆ; ನಿರಪರಾಧಿಯಾದವನು ಈ ಪ್ರಶ್ನೆಗೇ ಹೆಚ್ಚು ತಳಮಳಗೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಅತ್ತ, ಸೋವಿಯತ್ ಒಕ್ಕೂಟಕ್ಕೆ ಗುಟ್ಟುಗಳನ್ನು ಮಾರುತ್ತಿದ್ದ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ 1986ರಲ್ಲಿಯೂ 1991ರಲ್ಲಿಯೂ ಈ ಪರೀಕ್ಷೆಯನ್ನು ದಾಟಿಕೊಂಡಿದ್ದ.

ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿಯೇ, ಒಪ್ಪಿಗೆಯಿಲ್ಲದೆ ಮಂಪರು, ಪಾಲಿಗ್ರಾಫ್ ಎರಡೂ ಪರೀಕ್ಷೆಗಳನ್ನು ನಡೆಸುವಂತಿಲ್ಲ, ಒಪ್ಪಿಗೆಯಿದ್ದರೂ ಫಲಿತಾಂಶವೊಂದೇ ಸಾಕ್ಷ್ಯವಾಗದು ಎಂದಿದೆ. ಹೀಗಿದ್ದೂ ‘ಪರೀಕ್ಷೆಯಲ್ಲಿ ಸುಳ್ಳು ಸಾಬೀತು’ ಎಂದು ಬರೆಯುವವರು ಸದ್ಯಕ್ಕೆ ‘ಪಾಲಿಗ್ರಾಫ್’ ಎಂದಷ್ಟೇ ಬರೆದರೂ ಸಾಕು, ಅದೀಗ ಕನ್ನಡದವರಿಗೆ ಅಪರಿಚಿತ ಪದವೇನಲ್ಲ.