ಹಿಂದೆ ಹಾದುಹೋದ ಬಿಳಿ ಕುದುರೆ

ಪ್ರಶ್ನೆ: ಹಿಪ್-ಹಾಪ್ ವಿಡಿಯೊಗಳೆಂದರೆ ನನಗಿಷ್ಟ. ಆದರೆ ನೋಡಿ ಮುಗಿಸಿ ಯಾರದಾದರೂ ವಿವರಣೆ ಓದಿದರೆ, ನಾನು ನೋಡಿದ್ದೇ ಸುಳ್ಳು ಅನ್ನಿಸಿಬಿಡುತ್ತದೆ. ಬಿಳಿ ಕುದುರೆ ಅಂದರೆ ಸಾವಂತೆ, ಪ್ಯಾಂಟಿನ ಬಣ್ಣಕ್ಕೆ ಅಮೆರಿಕದ ಅಂತರ್ಯುದ್ಧದ ನಂಟಂತೆ, ಹಾಡು ನಿಂತ ಸೆಕೆಂಡುಗಳಿಗೂ ಒಂದು ಲೆಕ್ಕವಂತೆ. ಇದೆಲ್ಲ ಮಾಡಿದವರ ತಲೆಯಲ್ಲಿ ನಿಜಕ್ಕೂ ಇತ್ತೇ, ಇಲ್ಲ ನೋಡುವವರೇ ಕಟ್ಟಿಕೊಂಡದ್ದೇ? ಯಾವುದನ್ನು ನಂಬಬೇಕು?

ಉತ್ತರ: ನಿಮ್ಮ ಕುದುರೆಯಿಂದಲೇ ಶುರು ಮಾಡುತ್ತೇನೆ. ಅದು ಬರುವುದು ಅಮೆರಿಕದ ನಟ, ಗಾಯಕ ಡೊನಾಲ್ಡ್ ಗ್ಲೋವರ್ ‘ಚೈಲ್ಡಿಶ್ ಗ್ಯಾಂಬಿನೊ’ ಎಂಬ ಹೆಸರಿನಲ್ಲಿ ಹಾಡಿದ ‘ದಿಸ್ ಈಸ್ ಅಮೆರಿಕ’ ವಿಡಿಯೊದಲ್ಲಿ. ಹೊರಬಂದದ್ದು 2018ರ ಮೇ 5ರಂದು, ನಿರ್ದೇಶಕ ಹಿರೊ ಮುರಾಯ್. ಮೊದಲ ಸಲ ನೋಡಿದಾಗ ನನಗೆ ಆ ಕುದುರೆ ಕಾಣಲೇ ಇಲ್ಲ. ಎರಡನೇ ಸಲವೂ ಇಲ್ಲ. ಯಾರೋ ಹೇಳಿದ ಮೇಲೆ ಹುಡುಕಿಕೊಂಡು ಹೋದೆ. ಮುಂದೆ ಕುಣಿತ ನಡೆದಿರುವಾಗ ದೂರದಲ್ಲಿ ಮುಸುಕು ಹಾಕಿದ ಸವಾರನೊಬ್ಬ ಬಿಳಿ ಕುದುರೆಯ ಮೇಲೆ ಹಾಗೇ ಹಾದುಹೋಗುತ್ತಾನೆ, ಅಷ್ಟೇ.

ಬೈಬಲ್‌ನ ಪ್ರಕಟನೆ ಗ್ರಂಥದ 6ನೇ ಅಧ್ಯಾಯದಲ್ಲಿ ನಾಲ್ಕು ಕುದುರೆಗಳು ಬರುತ್ತವೆ. ಅವುಗಳಲ್ಲಿ ಬಿಳಚಿದ ಬಣ್ಣದ ಕುದುರೆಯ ಸವಾರನ ಹೆಸರೇ ಮರಣ. ವಿವರಣೆಗಳೆಲ್ಲ ಹೊರಟದ್ದು ಇಲ್ಲಿಂದ. ಒಂದು ತಕರಾರು ಇದೆ: ಅದೇ ಅಧ್ಯಾಯದಲ್ಲಿ ಬೇರೆಯಾಗಿ ಒಂದು ಅಪ್ಪಟ ಬಿಳಿ ಕುದುರೆಯೂ ಇದೆ, ಅದರ ಮೇಲೆ ಕೂತವನು ಜಯ ಸಾಧಿಸಲು ಹೊರಟ ಬಿಲ್ಲುಗಾರ. ಹಾಗಾಗಿ ‘ಬಿಳಿ ಕುದುರೆ ಅಂದರೆ ಸಾವು’ ಎಂಬ ಸಮೀಕರಣ ಅರ್ಧ ಮಾತ್ರ ಕೂಡುತ್ತದೆ. ನನಗೆ ಈ ಲೆಕ್ಕಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಅಷ್ಟು ದೊಡ್ಡ ಪ್ರಾಣಿ ಕಣ್ಣೆದುರೇ ಹಾದುಹೋದರೂ ನನಗೆ ಕಾಣಲಿಲ್ಲವಲ್ಲ, ಅದು. ಯಾಕೆ ಕಾಣಲಿಲ್ಲ? ನಾನು ಕುಣಿತ ನೋಡುತ್ತಿದ್ದೆ. ನಾನು ಕುಣಿತವನ್ನೇ ನೋಡುತ್ತಿರಲಿ ಎಂದೇ ಆ ದೃಶ್ಯವನ್ನು ಕಟ್ಟಿದ್ದು. ಹಿಂದೆ ಜನ ದಿಕ್ಕಾಪಾಲಾಗಿ ಓಡುತ್ತಿದ್ದಾರೆ, ಹೊಡೆದಾಟ ನಡೆದಿದೆ. ಮುಂದೆ ಶಾಲೆಯ ಸಮವಸ್ತ್ರದ ಮಕ್ಕಳು, ನಗುಮುಖ, ಚುರುಕಾದ ಹೆಜ್ಜೆ. ಕರಿಯರ ಹಾಡು ಬೇಕು, ಕುಣಿತ ಬೇಕು, ಅವರ ಬೆನ್ನ ಹಿಂದೆ ನಡೆಯುವುದು ಮಾತ್ರ ಕಣ್ಣಿಗೆ ಬೀಳುವುದಿಲ್ಲ ಎಂಬ ಮಾತನ್ನು ವಿಡಿಯೊ ಹೇಳಲಿಲ್ಲ. ನನ್ನ ಕೈಯಲ್ಲೇ ಮಾಡಿಸಿ ತೋರಿಸಿತು.

ಹಾಗಾಗಿ ನನ್ನ ಉತ್ತರ ಹೀಗೆ: ವಿಡಿಯೊದಲ್ಲಿ ಅರ್ಥ ಇರುವುದು ವಸ್ತುವಿನಲ್ಲಿ ಅಲ್ಲ, ಅದನ್ನು ಇಟ್ಟ ರೀತಿಯಲ್ಲಿ. ಕುದುರೆಗೆ, ಚೀಲಕ್ಕೆ, ಬಣ್ಣಕ್ಕೆ ನಿಘಂಟು ತೆರೆದು ಅರ್ಥ ಹುಡುಕುವವರು ಸಾಮಾನ್ಯವಾಗಿ ಎಡವುತ್ತಾರೆ. ನಮ್ಮ ಕಾವ್ಯಮೀಮಾಂಸೆಯಲ್ಲಿ ‘ಗಂಗೆಯ ಮೇಲೆ ಹಟ್ಟಿ’ ಅನ್ನುವ ಹಳೆಯ ಉದಾಹರಣೆ ಇದೆಯಲ್ಲ, ಹಾಗೆ. ಹಟ್ಟಿ ಇರುವುದು ಗಂಗೆಯ ದಡದಲ್ಲಿ, ಅಲ್ಲಿ ತಂಪಾಗಿದೆ ಎಂದು ಆ ಮಾತಿನ ಭಾವ. ತಂಪು ಎಂಬ ಅರ್ಥ ‘ಗಂಗೆ’ ಪದದಲ್ಲೂ ಇಲ್ಲ, ‘ಹಟ್ಟಿ’ಯಲ್ಲೂ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಹೊರಡುತ್ತದೆ.

ಅದೇ ವಿಡಿಯೊದಲ್ಲಿ ಒಂದು ನಿಮಿಷ ತುಂಬುವ ಮೊದಲೇ ನಡೆಯುವುದನ್ನು ಹತ್ತಿರದಿಂದ ನೋಡಿ. ಖಾಲಿ ಗೋದಾಮು, ಕುರ್ಚಿಯಲ್ಲಿ ಕೂತು ಗಿಟಾರ್ ನುಡಿಸುವ ಒಬ್ಬ ಮನುಷ್ಯ. ಅಂಗಿಯಿಲ್ಲದೆ, ಕೊರಳಿಗೆ ಚಿನ್ನದ ಸರ ಹಾಕಿಕೊಂಡ ಗ್ಲೋವರ್ ಪಾತ್ರ ಕುಣಿಯುತ್ತ ಬರುತ್ತದೆ. ಮತ್ತೆ ಕುರ್ಚಿಯವನು ಕಣ್ಣಿಗೆ ಬೀಳುವ ಹೊತ್ತಿಗೆ ಅವನ ತಲೆಯ ಮೇಲೆ ಚೀಲ. ಹಿಂದಿನಿಂದ ಗ್ಲೋವರ್ ಪಾತ್ರ ಹಾರಿಸುವ ಒಂದು ಗುಂಡು. ಅಲ್ಲಿಯವರೆಗೆ ಹಿತವಾಗಿದ್ದ ಕೋರಸ್ ಅಲ್ಲೇ ಕಡಿದು ಭಾರವಾದ ಬೇಸ್ ಎದ್ದುಕೊಳ್ಳುತ್ತದೆ. ಪಕ್ಕದಿಂದ ಹುಡುಗನೊಬ್ಬ ಕೆಂಪು ಬಟ್ಟೆ ಹಿಡಿದು ಓಡಿಬರುತ್ತಾನೆ. ಪಿಸ್ತೂಲನ್ನು ಅದರ ಮೇಲೆ ಎಳೆಮಗುವನ್ನು ಮಲಗಿಸಿದಷ್ಟು ಜೋಪಾನವಾಗಿ ಇಟ್ಟದ್ದಾಗುತ್ತದೆ. ಹೆಣವನ್ನು ಮಾತ್ರ ನೆಲದ ಮೇಲೆ ದರದರ ಎಳೆದುಕೊಂಡು ಹೋಗುತ್ತಾರೆ.

ಬಟ್ಟೆ ಕೆಂಪಗಿರುವುದಕ್ಕೆ ರಕ್ತ ಅಂದವರಿದ್ದಾರೆ, ರಿಪಬ್ಲಿಕನ್ ಪಕ್ಷದ ಬಣ್ಣ ಅಂದವರೂ ಇದ್ದಾರೆ. ಅದು ಹಸಿರಾಗಿದ್ದರೂ ನನಗೆ ಮಾತು ಅಷ್ಟೇ ಮುಟ್ಟುತ್ತಿತ್ತು. ಬಂದೂಕಿಗೆ ಸಿಕ್ಕ ಮರ್ಯಾದೆ ಹೆಣಕ್ಕೆ ಸಿಗಲಿಲ್ಲ. ಇದು ಊಹೆ ಅಲ್ಲ ಅನ್ನುವುದಕ್ಕೆ ವಿಡಿಯೊದೊಳಗೇ ಸಾಕ್ಷಿ ಇದೆ: ಸ್ವಲ್ಪ ಹೊತ್ತಿಗೆ ಹಾಡುತ್ತ ನಿಂತ ಚರ್ಚಿನ ಗಾಯಕವೃಂದವೊಂದನ್ನು ಅದೇ ಪಾತ್ರ ರೈಫಲ್‌ನಿಂದ ಉರುಳಿಸುತ್ತದೆ, ಆಗಲೂ ಬಂದೂಕಿಗೆ ಅದೇ ಉಪಚಾರ. ಒಂದು ಸಲ ಆದದ್ದು ಆಕಸ್ಮಿಕ ಇರಬಹುದು. ಅದೇ ಬಟ್ಟೆ, ಅದೇ ಜೋಪಾನ ಮತ್ತೆ ಬಂದರೆ ಯಾರೋ ಕೂತು ಯೋಚಿಸಿದ್ದಾರೆ ಎಂದೇ ಅರ್ಥ.

ಗಾಯಕವೃಂದದ ದೃಶ್ಯ ನೋಡಿದ ಅಮೆರಿಕದವರಿಗೆ 2015ರ ಜೂನ್ 17 ನೆನಪಾಗದೆ ಇರದು. ಅಂದು ಚಾರ್ಲ್ಸ್‌ಟನ್ ನಗರದ ಇಮ್ಯಾನುಯೆಲ್ ಚರ್ಚಿನಲ್ಲಿ ಬಿಳಿಯ ಯುವಕನೊಬ್ಬ 9 ಮಂದಿ ಕರಿಯರನ್ನು ಗುಂಡಿಕ್ಕಿ ಕೊಂದ. ಈ ಓದು ಗಟ್ಟಿ. ವಿಡಿಯೊದಲ್ಲಿ ಗುಂಡು ಹಾರಿಸುವಾಗ ಗ್ಲೋವರ್ ಪಾತ್ರ ಸೊಂಟ ಸೊಟ್ಟ ಮಾಡಿ, ಕಾಲು ಬಾಗಿಸಿ ನಿಲ್ಲುವ ಭಂಗಿಯನ್ನು ‘ಜಿಮ್ ಕ್ರೋ’ ಚಿತ್ರಗಳಿಗೆ ಹೋಲಿಸಿದ್ದೂ ನನ್ನ ಪ್ರಕಾರ ಗಟ್ಟಿಯೇ. 1830ರ ದಶಕದಲ್ಲಿ ಥಾಮಸ್ ಡಿ. ರೈಸ್ ಎಂಬ ಬಿಳಿಯ ನಟ ಮುಖಕ್ಕೆ ಮಸಿ ಬಳಿದುಕೊಂಡು, ಕರಿಯರನ್ನು ಅಣಕಿಸುತ್ತ ಕುಣಿದು ಹೆಸರು ಮಾಡಿದ. ಆ ಪಾತ್ರದ ಹೆಸರೇ ಮುಂದೆ ದಕ್ಷಿಣದ ರಾಜ್ಯಗಳ ಜನಾಂಗ ಪ್ರತ್ಯೇಕತೆಯ ಕಾನೂನುಗಳಿಗೆ ಅಂಟಿಕೊಂಡಿತು. ಇಡೀ ವಿಡಿಯೊ ‘ರಂಜಿಸುವ ಕರಿಯ’ನ ಸುತ್ತಲೇ ಇರುವಾಗ ಆ ಭಂಗಿ ಅಲ್ಲಿ ಸುಮ್ಮನೆ ಬಂದಿರಲಾರದು.

ಇನ್ನು ಬೂದು ಪ್ಯಾಂಟು ಅಂತರ್ಯುದ್ಧದಲ್ಲಿ ಗುಲಾಮಗಿರಿಯ ಪರ ನಿಂತ ದಕ್ಷಿಣದ ಸೈನಿಕರದ್ದು ಅನ್ನುವ ವಾದ. ಇರಬಹುದು, ಇಲ್ಲದೆಯೂ ಇರಬಹುದು. ಅದನ್ನು ತೆಗೆದುಹಾಕಿದರೂ ವಿಡಿಯೊದಲ್ಲಿ ಏನೂ ಕುಸಿಯುವುದಿಲ್ಲ, ಹಾಗಾಗಿ ನಾನು ಅದಕ್ಕೆ ಹೆಚ್ಚು ಬೆಲೆ ಕೊಡುವುದಿಲ್ಲ. ನೀವು ಕೇಳಿದ ಸೆಕೆಂಡುಗಳ ಲೆಕ್ಕವೂ ಇಂಥದ್ದೇ. ಹಾಡು ಒಂದು ಕಡೆ ಪೂರಾ ನಿಲ್ಲುತ್ತದೆ, ಎಲ್ಲರೂ ಓಡಿಹೋಗುತ್ತಾರೆ. ಆ ಮೌನ 17 ಸೆಕೆಂಡು, ಅದೇ ವರ್ಷದ ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡ್ ಶಾಲೆಯ ಗುಂಡಿನ ದಾಳಿಯಲ್ಲಿ ಸತ್ತವರು 17 ಮಂದಿ ಎಂದು ಹಲವರು ಜೋಡಿಸಿದರು. ಕೈಯಲ್ಲಿ ಸ್ಟಾಪ್‌ವಾಚ್ ಇಲ್ಲದೆ ಯಾರಿಗೂ ತಿಳಿಯದ ಸಂಕೇತ ಸಂಕೇತವಾಗಿ ಕೆಲಸ ಮಾಡುವುದು ಹೇಗೆ? ಆ ಮೌನ ಮಾತ್ರ ಲೆಕ್ಕವಿಲ್ಲದೆಯೂ ಎದೆಗೆ ತಾಗುತ್ತದೆ.

‘ತಲೆಯಲ್ಲಿ ಇತ್ತೇ’ ಅನ್ನುವುದಕ್ಕೆ ಬರೋಣ. ಗ್ಲೋವರ್ 2023ರಲ್ಲಿ ‘ಜಿಕ್ಯೂ’ ಪತ್ರಿಕೆಯ ಸಂದರ್ಶನದಲ್ಲಿ ಒಂದು ಸ್ವಾರಸ್ಯದ ಸಂಗತಿ ಹೇಳಿದರು. ಆ ಹಾಡು ಶುರುವಾದದ್ದು ರ‍್ಯಾಪರ್ ಡ್ರೇಕ್ ಅವರ ಕಾಲೆಳೆಯುವ ತಮಾಷೆಯಾಗಿಯಂತೆ! ಆಮೇಲೆ ಅದು ಬೆಳೆದು ಬೇರೆಯೇ ಆಯಿತು. ಇದನ್ನು ಕೇಳಿ ‘ನೋಡಿ, ಅರ್ಥವೆಲ್ಲ ಸುಳ್ಳು’ ಅಂದವರುಂಟು. ನನಗೆ ಅದು ತದ್ವಿರುದ್ಧದ ಸಾಕ್ಷಿಯಾಗಿ ಕಾಣುತ್ತದೆ. ಬೀಜ ಎಲ್ಲಿಂದ ಬಂತು ಅನ್ನುವುದು ಮರದ ವಿವರಣೆಯಾಗುವುದಿಲ್ಲ. ಮೇಲಾಗಿ ವಿಡಿಯೊ ಒಬ್ಬರ ತಲೆಯದ್ದಲ್ಲ. ಹಾಡಿದವರು, ನಿರ್ದೇಶಕ, ನೃತ್ಯ ಸಂಯೋಜಿಸಿದ ಶೆರಿ ಸಿಲ್ವರ್, ಕ್ಯಾಮೆರಾದವರು, ಎಲ್ಲರ ಕೈ ಅದರಲ್ಲಿದೆ. ಯಾರ ತಲೆಯನ್ನು ತೆರೆದು ನೋಡೋಣ?

ಒಂದೇ ಚಿತ್ರ ಎರಡು ಅರ್ಥ ಹೊತ್ತು, ಎರಡೂ ಸರಿಯಾಗಿರುವುದೂ ಉಂಟು. ರ‍್ಯಾಪರ್ ಕೆಂಡ್ರಿಕ್ ಲಮಾರ್ ಅವರ ‘ಆಲ್‌ರೈಟ್’ (2015) ಕಪ್ಪು-ಬಿಳುಪಿನ ವಿಡಿಯೊ. ಕಾರಿನೊಳಗೆ ಕೂತು ಲಮಾರ್ ಮತ್ತು ಗೆಳೆಯರು ಹಾಡಿಕೊಂಡು ಮೈ ಕುಣಿಸುತ್ತಿದ್ದಾರೆ. ಹಿಪ್-ಹಾಪ್‌ನಲ್ಲಿ ಸಾವಿರ ಸಲ ನೋಡಿದ ದೃಶ್ಯ. ಆಮೇಲೆ ಗೊತ್ತಾಗುತ್ತದೆ, ಕಾರು ಚಕ್ರದ ಮೇಲೆ ಓಡುತ್ತಿಲ್ಲ. ನಾಲ್ಕು ಮೂಲೆಗೆ ನಾಲ್ವರು ಬಿಳಿಯ ಪೊಲೀಸರು ಅದನ್ನು ಹೊತ್ತು ನಡೆಯುತ್ತಿದ್ದಾರೆ. ಪಲ್ಲಕ್ಕಿಯೋ, ಚಟ್ಟವೋ? ಎರಡಕ್ಕೂ ಹೆಗಲು ಕೊಡುವವರು ಬೇಕು. ಪಲ್ಲಕ್ಕಿ ಅಂದರೆ ಅಧಿಕಾರ ತಿರುಗಿಬಿತ್ತು, ಹಿಡಿಯುತ್ತಿದ್ದವರು ಈಗ ಹೊರುತ್ತಿದ್ದಾರೆ. ಚಟ್ಟ ಅಂದರೆ ಒಳಗಿರುವವರ ನಗು ಎಷ್ಟು ಹೊತ್ತಿನದ್ದು ಎಂಬ ಅಳುಕು. ವಿಡಿಯೊ ಬಂದದ್ದು ಜೂನ್ ಕೊನೆಗೆ. ಏಪ್ರಿಲ್‌ನಲ್ಲಷ್ಟೇ ಬಾಲ್ಟಿಮೋರ್‌ನಲ್ಲಿ ಪೊಲೀಸರ ವಶದಲ್ಲಿದ್ದ ಫ್ರೆಡಿ ಗ್ರೇ ಎಂಬ ಯುವಕ ಸತ್ತು ಊರು ಹೊತ್ತಿ ಉರಿದಿತ್ತು. ಕೊನೆಯಲ್ಲಿ ಲಮಾರ್ ಬೀದಿದೀಪದ ಕಂಬದ ಮೇಲೆ ನಿಂತಿರುತ್ತಾರೆ. ಕೆಳಗಿನ ಪೊಲೀಸ್ ಬಂದೂಕು ತೆಗೆಯುವುದಿಲ್ಲ, ಬೆರಳನ್ನೇ ಬಂದೂಕಿನಂತೆ ಗುರಿಯಿಡುತ್ತಾನೆ. ಲಮಾರ್ ಬೀಳುತ್ತಾರೆ, ನಿಧಾನವಾಗಿ. ನೆಲದ ಮೇಲೆ ಬಿದ್ದವರ ತುಟಿಯಲ್ಲಿ ನಗು. ‘ಎಲ್ಲ ಸರಿಹೋಗುತ್ತದೆ’ ಎನ್ನುವ ಪಲ್ಲವಿಯನ್ನು ಆ ನಗುವಿನ ಪಕ್ಕ ಇಟ್ಟು ನೋಡಿ, ಅದು ಭರವಸೆಯೋ ಹಟವೋ ಹೇಳುವುದು ಕಷ್ಟ. ಆ ವರ್ಷ ಬೀದಿಗಿಳಿದ ಪ್ರತಿಭಟನಕಾರರು ಆ ಪಲ್ಲವಿಯನ್ನೇ ಘೋಷಣೆಯಾಗಿ ಕೂಗಿದರು.

ಕೆಲವೊಮ್ಮೆ ಜಾಗವೇ ಸಂಕೇತ, ಆಗ ಇತಿಹಾಸ ಗೊತ್ತಿರಬೇಕಾಗುತ್ತದೆ. ಗಾಯಕಿ ಬಿಯಾನ್ಸೆ ಮತ್ತು ಅವರ ಪತಿ, ರ‍್ಯಾಪರ್ ಜೇ-ಝೀ 2018ರಲ್ಲಿ ಪ್ಯಾರಿಸ್‌ನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಚಿತ್ರೀಕರಿಸಿದ ವಿಡಿಯೊ ತೆಗೆದುಕೊಳ್ಳಿ. ಮೋನಾಲಿಸಾ ಎದುರು ನಿಂತದ್ದನ್ನು ಎಲ್ಲರೂ ಗಮನಿಸಿದರು. ಅದು ಸುಲಭದ ಭಾಗ, ಸ್ವಲ್ಪ ಶೋಕಿಯೂ ಹೌದು. ನನ್ನ ಕಣ್ಣು ನಿಂತದ್ದು ನೆಪೋಲಿಯನ್ ಪಟ್ಟಾಭಿಷೇಕದ ಬೃಹತ್ ಚಿತ್ರದ ಮುಂದೆ ಕರಿಯ ನರ್ತಕಿಯರು ಕೈಕೈ ಹಿಡಿದು ಸಾಲಾಗಿ ನಿಲ್ಲುವಲ್ಲಿ. ಫ್ರಾನ್ಸ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು 1794ರಲ್ಲಿ ರದ್ದು ಮಾಡಿತ್ತು. 1802ರಲ್ಲಿ ಅದನ್ನು ಮತ್ತೆ ತಂದವನು ಇದೇ ನೆಪೋಲಿಯನ್. ವಿಡಿಯೊ ಇದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಅದೇ ವಿಡಿಯೊದಲ್ಲಿ ಕಾಣುವ, ಫ್ರೆಂಚ್ ಚಿತ್ರಕಲಾವಿದೆ ಬೆನ್ವಾ ಅವರ 1800ರ ಚಿತ್ರದಲ್ಲಿ ಒಬ್ಬಳೇ ಕರಿಯ ಹೆಣ್ಣು ಕೂತಿದ್ದಾಳೆ. ಗುಲಾಮಗಿರಿ ಹೋಗಿ, ಇನ್ನೂ ಮರಳಿ ಬಾರದ ಆ ಎಂಟು ವರ್ಷಗಳ ನಡುವೆ ಬರೆದ ಚಿತ್ರ ಅದು.

ಎಲ್ಲದರಲ್ಲೂ ಒಗಟು ಹುಡುಕಬೇಡಿ ಅನ್ನುವುದನ್ನೂ ಹೇಳಬೇಕು. ಗ್ರ್ಯಾಂಡ್‌ಮಾಸ್ಟರ್ ಫ್ಲಾಶ್ ಅಂಡ್ ದ ಫ್ಯೂರಿಯಸ್ ಫೈವ್ ತಂಡದ ‘ದ ಮೆಸೇಜ್’ (1982) ನೋಡಿ. ಬಡ ಬೀದಿ ಇದ್ದ ಹಾಗೇ ಇದೆ, ಕೊನೆಗೆ ಪೊಲೀಸ್ ಕಾರು ಬಂದು ಸುಮ್ಮನೆ ನಿಂತಿದ್ದ ಗಾಯಕರನ್ನೇ ಹಿಡಿದುಕೊಂಡು ಹೋಗುತ್ತದೆ. ಬಿಡಿಸಲು ಗಂಟೇ ಇಲ್ಲ. ಆಗಿನ ವಿಡಿಯೊ ಟಿವಿಯಲ್ಲಿ ಬಂದು ಹೋಗುತ್ತಿತ್ತು, ನೋಡುವವರು ಬೇಕೆಂದಲ್ಲಿ ನಿಲ್ಲಿಸುವಂತಿರಲಿಲ್ಲ, ಹೇಳುವುದನ್ನು ನೇರ ಹೇಳಬೇಕಿತ್ತು. 2005ರಲ್ಲಿ ಯೂಟ್ಯೂಬ್ ಬಂದ ಮೇಲೆ ನೋಡುಗ ನಿಲ್ಲಿಸಬಲ್ಲ, ಹಿಂದೆ ಎಳೆಯಬಲ್ಲ, ಸ್ಕ್ರೀನ್‌ಶಾಟ್ ತೆಗೆದು ವಾದಿಸಬಲ್ಲ. ನಿರ್ದೇಶಕರಿಗೂ ಅದು ಗೊತ್ತು, ಚೌಕಟ್ಟಿನ ಮೂಲೆಮೂಲೆಗೂ ಏನಾದರೂ ತುಂಬುತ್ತಾರೆ. ಅದರಲ್ಲಿ ಒಂದಷ್ಟು ಬರೀ ಚರ್ಚೆ ಹುಟ್ಟಿಸಲಿಕ್ಕೆ ಇಟ್ಟದ್ದು ಎಂಬುದು ನನ್ನ ಗುಮಾನಿ. ದುಬಾರಿ ಕಾರು, ಚಿನ್ನದ ಸರ, ತೂರಿದ ನೋಟು ಕಂಡರೆ ಎಲ್ಲ ಸಲವೂ ‘ಬಂಡವಾಳಶಾಹಿಯ ವ್ಯಂಗ್ಯ’ ಅಲ್ಲ. ಬಹಳಷ್ಟು ಸಲ ಅದು ಕಾರು, ಸರ, ನೋಟು.

ಇನ್ನೊಂದು ಎಚ್ಚರ: ಸಂಕೇತ ಚೆನ್ನಾಗಿದ್ದ ಮಾತ್ರಕ್ಕೆ ಹೇಳಿದ್ದೆಲ್ಲ ಒಪ್ಪಬೇಕಾಗಿಲ್ಲ. ಜೇ-ಝೀ ಅವರ ‘ದ ಸ್ಟೋರಿ ಆಫ್ ಓ.ಜೆ.’ (2017) ಹಳೆಯ ಕಾಲದ ಕಪ್ಪು-ಬಿಳುಪು ಕಾರ್ಟೂನಿನ ಶೈಲಿಯಲ್ಲಿದೆ. ದಪ್ಪ ತುಟಿ, ಗುಂಡು ಕಣ್ಣು, ಬಳುಕುವ ಕೈಕಾಲು. ಮಕ್ಕಳನ್ನು ನಗಿಸಿದ ಆ ರೇಖೆಗಳೇ ಕರಿಯರನ್ನು ಅವಮಾನಿಸಿದ್ದವು. ಅದೇ ರೇಖೆಯಲ್ಲಿ ತನ್ನನ್ನೂ ಬರೆಸಿಕೊಂಡು ಜೇ-ಝೀ ಅದನ್ನು ತಿರುಗಿಸಿ ಹಿಡಿದಿದ್ದಾರೆ. ಎಷ್ಟೇ ಹಣ ಮಾಡಿದರೂ ಲೋಕ ನಿನ್ನನ್ನು ಹೀಗೇ ಬರೆಯುತ್ತದೆ ಅನ್ನುತ್ತದೆ ವಿಡಿಯೊ. ತುಂಬ ಚುರುಕಾದ ಕೆಲಸ. ಅದೇ ಹಾಡಿನಲ್ಲಿ ಯಹೂದಿಗಳು ಮತ್ತು ಆಸ್ತಿಯ ಬಗ್ಗೆ ಇರುವ ಸಾಲು ಇನ್ನೊಂದು ಸಮುದಾಯದ ಮೇಲಿನ ಸವಕಲು ಪೂರ್ವಗ್ರಹವನ್ನೇ ಎತ್ತಿಕೊಂಡಿದೆ ಎಂಬ ಟೀಕೆ ಬಂತು. ಆ ಟೀಕೆ ನನಗೂ ಸರಿ ಅನ್ನಿಸಿತು.

ಮನೆಯಲ್ಲೇ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ವಿವರಣೆ ಓದುವ ಮೊದಲು ವಿಡಿಯೊವನ್ನು ಮ್ಯೂಟ್ ಮಾಡಿ, ಅಂಗೈಯಿಂದ ಪರದೆಯ ನಡುಭಾಗ ಮುಚ್ಚಿ ನೋಡಿ. ‘ದಿಸ್ ಈಸ್ ಅಮೆರಿಕ’ವನ್ನು ನಾನು ಹಾಗೆ ನೋಡಿದೆ. ಅಂಗೈಯ ಎರಡೂ ಬದಿಗೆ ಓಡುವ ಕಾಲುಗಳು, ಉರಿಯುವ ಕಾರು. ಕುದುರೆ ತಪ್ಪಿಸಿಕೊಳ್ಳಲಿಲ್ಲ. ಮೇಲೆ ಅಟ್ಟದಂಥ ಕಡೆ ಕೂತು ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿಯುತ್ತಿರುವ ಹುಡುಗರೂ ಕಂಡರು. ಆಮೇಲೆ ಶಬ್ದ ಹಾಕಿ ಅದೇ ಜಾಗಕ್ಕೆ ಬಂದೆ. ಹಾಡಿನ ಸಾಲಿನಲ್ಲಿ ಮೊಬೈಲ್ ಮತ್ತು ‘ಟೂಲ್’ ಎಂಬ ಎರಡು ಮಾತುಗಳು ಜೊತೆಯಾಗಿ ಬರುತ್ತವೆ. ಆ ಬೀದಿಗಳ ಆಡುಮಾತಿನಲ್ಲಿ ಟೂಲ್ ಅಂದರೆ ಬಂದೂಕು. ವಿಡಿಯೊ ಬರುವುದಕ್ಕೆ ಎರಡು ತಿಂಗಳೂ ತುಂಬದ ಹಿಂದೆ, 2018ರ ಮಾರ್ಚ್‌ನಲ್ಲಿ, ಸ್ಯಾಕ್ರಮೆಂಟೊದಲ್ಲಿ ಪೊಲೀಸರು ಒಬ್ಬ ಕರಿಯ ಯುವಕನನ್ನು ಅವನ ಅಜ್ಜಿಯ ಮನೆಯ ಹಿತ್ತಲಿನಲ್ಲಿ ಕೈಯಲ್ಲಿ ಬಂದೂಕಿದೆ ಎಂದುಕೊಂಡು ಕೊಂದಿದ್ದರು. ಅವನ ಕೈಯಲ್ಲಿದ್ದದ್ದು ಮೊಬೈಲ್.