ಶಿಪ್ ಟಿಂಬರ್ ಅಂದ್ರೆ ಏನು, ಅದರಲ್ಲಿ ನಿಜ ಎಷ್ಟು

ಇಂಗ್ಲೆಂಡಿನ ಹಳ್ಳಿ ಕಡೆ ಹಳೇ ಪಬ್ಬಿಗೋ, ಮರದ ಫ್ರೇಮಿನ ಹಳೇ ಮನೆಗೋ ಹೋದ್ರೆ, ಮೇಲಿರೋ ಕಪ್ಪು ತೊಲೆ ತೋರಿಸಿ "ಇದು ಶಿಪ್ ಟಿಂಬರ್" ಅಂತ ಯಾರಾದ್ರೂ ಹೇಳೇ ಹೇಳ್ತಾರೆ. ಅಂದ್ರೆ ಹಳೇ ಹಡಗು ಒಡೆದಾಗ ಸಿಕ್ಕಿದ ಮರ ತಂದು ಮನೆಗೆ ಹಾಕಿದ್ದು ಅಂತ. ಕೇಳೋಕೆ ಚೆನ್ನಾಗಿದೆ, ಆದ್ರೆ ಬಹುಪಾಲು ಕಡೆ ಬರೀ ಕಥೆ. ಸಮುದ್ರದಿಂದ ಎಷ್ಟೋ ದೂರದ ಊರಲ್ಲೂ ಇದನ್ನೇ ಹೇಳ್ತಾರೆ, ಅಷ್ಟು ತೂಕದ ಓಕ್ ಮರನ ಗಾಡಿ ಮೇಲೆ ಹೇರ್ಕೊಂಡು ಅಲ್ಲಿವರೆಗೂ ಯಾರು ಹೋಗ್ತಾರೆ, ಪಕ್ಕದ ಕಾಡಲ್ಲೇ ಓಕ್ ಇರೋವಾಗ?

ಕಥೆ ಹುಟ್ಟೋದು ತೂತಿಂದ. ತೊಲೆಲಿ ಒಂದು ಉದ್ದನೆ ಚೌಕದ ತೂತು ಖಾಲಿ ಇರತ್ತೆ, ಅದರ ಪಕ್ಕದಲ್ಲೇ ಮರದ ಗೂಟ ಹೊಡೆಯೋಕೆ ಕೊರೆದ ಸಣ್ಣ ದುಂಡು ತೂತು. ಮನೇಲಿ ಅದಕ್ಕೇನೂ ಕೆಲಸ ಇಲ್ವಲ್ಲ, ಸರಿ ಹಡಗಿಂದೇ ಇರ್ಬೇಕು ಅಂತ ಜನ ಅಂದ್ಕೋತಾರೆ. ಆದ್ರೆ ಅದು ಬಡಗಿಗಳು ಮನೆ ಕಟ್ಟೋವಾಗ ಮಾಡೋ ಜೋಡಣೆನೇ, ಇನ್ನೊಂದು ಮರ ಬಂದು ಕೂತಿದ್ದ ಜಾಗ ಅದು. ಒಂದು ಮನೆ ಕೆಡವಿದ್ರೆ ಅದರ ತೊಲೆ ಇನ್ನೊಂದು ಮನೆಗೆ ಹೋಗ್ತಿತ್ತು, ಅಷ್ಟೇ ವಿಷಯ. ನಿಜವಾದ ಹಡಗಿನ ಪಕ್ಕೆಲುಬು ಮರ ಆಗಿದ್ರೆ ಬಾಗಿರತ್ತೆ, ಹೊರಗಿಂದ ಹಲಗೆ ಬಡಿದಿರೋದ್ರಿಂದ ಉದ್ದಕ್ಕೂ ದುಂಡು ತೂತು ಸಾಲಾಗಿ ಇರತ್ತೆ.

ಇದರಲ್ಲಿ ಫೇಮಸ್ಸು ಬಕಿಂಗ್‌ಹ್ಯಾಮ್‌ಶೈರಿನ ಜೋರ್ಡನ್ಸ್ ಊರಿನ ಕೊಟ್ಟಿಗೆ. 1620ರಲ್ಲಿ ಅಮೆರಿಕಕ್ಕೆ ಹೋದ ಮೇಫ್ಲವರ್ ಹಡಗಿನ ಮರದಲ್ಲೇ ಕಟ್ಟಿದ್ದು ಅಂತ 1920ರಲ್ಲಿ ಒಬ್ಬ ವಿದ್ವಾಂಸರು ಹೇಳಿದ್ರು, ಅಲ್ಲಿಂದ ಅದು ಮೇಫ್ಲವರ್ ಬಾರ್ನ್ ಆಯ್ತು, ಟೂರಿಸ್ಟುಗಳೂ ಬಂದ್ರು, ಪುರಾವೆ ಮಾತ್ರ ಬರಲಿಲ್ಲ. ಗೊತ್ತಿರೋದು ಇಷ್ಟು: 1624ರಲ್ಲಿ ಲಂಡನ್ನಿನ ರೋದರ್‌ಹೈತಲ್ಲಿ ಹಡಗಿಗೆ ಬೆಲೆ ಕಟ್ಟಿಸಿದ್ರು, ಆಗ್ಲೇ ಹಾಳಾಗಿತ್ತು. ಕ್ಯಾಪ್ಟನ್ ಕ್ರಿಸ್ಟೋಫರ್ ಜೋನ್ಸ್ 1622ರಲ್ಲೇ ತೀರ್ಕೊಂಡಿದ್ದ, ಅವನನ್ನ ಹೂಳಿದ್ದು ಅಲ್ಲೇ ಸೇಂಟ್ ಮೇರಿ ಚರ್ಚಿನ ಅಂಗಳದಲ್ಲಿ.

ಮಜಾ ಏನಂದ್ರೆ ನಿಜವಾದ ಶಿಪ್ ಟಿಂಬರ್ ನೋಡ್ಬೇಕಂದ್ರೂ ಇದೇ ಚರ್ಚಿಗೆ ಹೋಗ್ಬಹುದು. 1805ರ ಟ್ರಾಫಲ್ಗರ್ ಯುದ್ಧದಲ್ಲಿ ಹೋರಾಡಿದ ಟೆಮರೇರ್ ಹಡಗನ್ನ 1838ರಲ್ಲಿ ರೋದರ್‌ಹೈತಿಗೆ ಎಳ್ಕೊಂಡು ಬಂದು ಒಡೆದ್ರು (ಟರ್ನರ್ ಚಿತ್ರ ಬರೆದನಲ್ಲ, ಅದೇ ಹಡಗು), ಆ ಮರದಲ್ಲಿ ಮಾಡಿದ ಪೂಜೆಯ ಮೇಜು, ಬಿಷಪ್ ಕುರ್ಚಿಗಳು ಈ ಚರ್ಚಲ್ಲಿವೆ.

ಇಡೀ ಕಟ್ಟಡನೇ ಬೇಕು ಅಂದ್ರೆ ಹ್ಯಾಂಪ್‌ಶೈರಿನ ವಿಕ್‌ಹ್ಯಾಮ್. 1813ರಲ್ಲಿ ಬಾಸ್ಟನ್ ಹತ್ರ ಬ್ರಿಟಿಷರ ಶಾನನ್ ಹಡಗು ಅಮೆರಿಕದ ಚೆಸಪೀಕ್ ಹಡಗನ್ನ ಕಾಲು ಗಂಟೆಯೊಳಗೇ ಹಿಡೀತು, ಆಮೇಲೆ ಪೋರ್ಟ್ಸ್‌ಮತ್ತಲ್ಲಿ ಅದನ್ನ ಒಡೆದು ಮರ ಮಾರಿದ್ರು, ಆ ಮರದಲ್ಲಿ 1820ರಲ್ಲಿ ಹಿಟ್ಟಿನ ಗಿರಣಿ ಎದ್ದಿತು. ಒಳಗಿನ ತೊಲೆಗಳು ಇವತ್ತಿಗೂ ಹಡಗಿನವೇ, ಹೆಸರೂ ಚೆಸಪೀಕ್ ಮಿಲ್. ಪೋರ್ಟ್ಸ್‌ಮತ್ ಹತ್ರದಲ್ಲೇ ಇದೆ ಅನ್ನೋದನ್ನ ಗಮನಿಸಿ, ಸಾಗಿಸೋ ಖರ್ಚು ಕಮ್ಮಿ.

ಲಂಡನ್ನಿನ ಲಿಬರ್ಟಿ ಅಂಗಡಿ ಇನ್ನೊಂದು. ನೋಡೋಕೆ ನಾನೂರು ವರ್ಷ ಹಳೇದು ಅನ್ಸತ್ತೆ, ಕಟ್ಟಿದ್ದು 1924ರಲ್ಲಿ, ಆದ್ರೆ ಮರ ಮಾತ್ರ ಇಂಪ್ರೆಗ್ನಬಲ್ ಮತ್ತು ಹಿಂದೂಸ್ತಾನ್ ಅನ್ನೋ ಎರಡು ನೌಕಾಪಡೆ ಹಡಗಿಂದೇ.